ಚಿತ್ರ ಹೊತ್ತು ತರುವ ತಂತಿ

ಮನೆಗೆ ಹೊಸ ಸಾಮಾನು ಬಂದರೆ ಅದರ ಗುಣದೋಷಗಳನ್ನು ಮನೆಮಂದಿಯೆಲ್ಲ ಕೂಡಿ ವಿಚಾರಿಸುತ್ತೇವೆ. ಅದರ ಜೊತೆಗೆ ಬಂದ ತಂತಿಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ತಂತಿ ಎಂದರೆ ತಂತಿ, ಪ್ಲಗ್ಗು ಕೂತರೆ ಕೆಲಸವಾದಂತೆ ಎಂಬುದು ನಮ್ಮೆಲ್ಲರ ಭಾವನೆ. ಈ ಭಾವನೆ ಎಷ್ಟರಮಟ್ಟಿಗೆ ನಿಜ, ಯಾವಾಗಿನಿಂದ ಅದು ನಮ್ಮ ಕೈಕೊಡುತ್ತ ಬಂದಿದೆ ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ಮಾದಾಪುರ, ಗಚ್ಚಿಬೌಲಿಗಳ ಕಚೇರಿಗಳು ನಮ್ಮ ಮನೆಗಳ ಊಟದ ಮೇಜಿನ ಮೇಲೆ ಬಂದು ಕುಳಿತವು. ಮಡಿಸುವ ಗಣಕದ ಚಿಕ್ಕ ಪರದೆ ಸಾಲದೆ ಹೋಗಿ, ಪುಸ್ತಕದಂತೆ ಚೀಲದಲ್ಲಿ ಇಟ್ಟುಕೊಳ್ಳಬಹುದಾದ ಎರಡನೆಯ ಪರದೆ, ಅಂದರೆ ಪೋರ್ಟಬಲ್ ಮಾನಿಟರು, ನಮ್ಮವರ ಮನೆಗಳಿಗೆ ಬಂತು. ಹಬ್ಬಕ್ಕೆ ಕಲಬುರಗಿಗೋ ರಾಯಚೂರಿಗೋ ಹೋಗುವಾಗಲೂ ಮಕ್ಕಳು ಅದನ್ನು ಜೊತೆಗೆ ಒಯ್ಯುತ್ತಾರೆ. ಊರಲ್ಲಿ ಕೂತು ಕೆಲಸ ಮಾಡಿದರೆ ಅಪ್ಪ ಅಮ್ಮನ ಜೊತೆ ನಾಲ್ಕು ದಿನ ಹೆಚ್ಚು ಇರಬಹುದಲ್ಲವೇ? ಅಲ್ಲಿ ಪರದೆ ಬೆಳಗದೆ ಹೋದರೆ ಆ ನಾಲ್ಕು ದಿನವೂ ಹೋದಂತೆ.

ಅದು ಬೆಳಗದೆ ಹೋಗುವುದು ಅಪರೂಪವಲ್ಲ. ಪ್ಲಗ್ಗು ಸರಿಯಾಗಿ ಕೂತಿರುತ್ತದೆ, ಪುಟ್ಟ ದೀಪವೂ ಹೊತ್ತಿರುತ್ತದೆ. ಪರದೆಯ ಮೇಲೆ ಮಾತ್ರ ‘ನೋ ಸಿಗ್ನಲ್’ ಎಂಬ ಎರಡು ಪದ. ಹತ್ತು ಹದಿನೈದು ಸಾವಿರ ಕೊಟ್ಟು ತಂದ ಪರದೆ ಕೆಟ್ಟಿದೆಯೆಂದು ಮನೆಯವರು ತೀರ್ಮಾನಿಸುತ್ತಾರೆ. ಕೆಲವರು ಹಿಂದಿರುಗಿಸುತ್ತಾರೆ, ಅವಧಿ ಮೀರಿದ್ದರೆ ಅಟ್ಟಕ್ಕೆ ಹಾಕುತ್ತಾರೆ. ಎಷ್ಟೋ ಸಲ ಪರದೆ ಸರಿಯಾಗಿಯೇ ಇರುತ್ತದೆ. ತಪ್ಪು ಇರುವುದು ತಂತಿಯಲ್ಲಿ, ಇಲ್ಲವೇ ಆ ತಂತಿಯನ್ನು ಚುಚ್ಚಿದ ಜಾಗದಲ್ಲಿ. ಹೀಗೇಕೆ ಎಂಬುದಕ್ಕೆ ಉತ್ತರ ಬೇಕಾದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. ಆ ಚರಿತ್ರೆಯ ಮೊದಲ ಅಧ್ಯಾಯ ನಮ್ಮ ಹೈದರಾಬಾದಿನಲ್ಲಿಯೇ ನಡೆದದ್ದು, ಅದರಲ್ಲಿ ಕನ್ನಡಕ್ಕೂ ಪಾಲಿತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ಮರೆತುಹೋಗಿದೆ.

ಆಕಾಶದಿಂದ ಇಳಿದ ಕನ್ನಡ

1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಬೇರೆಯಾಗಿ ಅಂದಿನ ಮೈಸೂರು ರಾಜ್ಯವನ್ನು ಸೇರಿದವು. ಆಡಳಿತ ಬೇರೆಯಾದರೂ ನಂಟು ಕಡಿಯಲಿಲ್ಲ. ಹತ್ತೊಂಬತ್ತು ವರ್ಷಗಳ ಅನಂತರ, 1975ರ ಆಗಸ್ಟ್ 1ರಂದು, ಆ ಸೀಮೆಯ ಹಳ್ಳಿಗಳಿಗೆ ಮತ್ತೊಂದು ಸಂಬಂಧ ಹೈದರಾಬಾದಿನಿಂದಲೇ ಬಂತು. ಅದೇ ‘ಸೈಟ್’ ಎಂದು ಹೆಸರಾದ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗ. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಳಸಲು ಕೊಡಲಾಗಿತ್ತು. ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳನ್ನು ಇದಕ್ಕೆ ಆರಿಸಿದ್ದರು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಆಂಧ್ರಪ್ರದೇಶದಲ್ಲಿ ಹೈದರಾಬಾದ್, ಮೇದಕ್, ಮಹಬೂಬನಗರ, ಕರ್ನೂಲು ಜಿಲ್ಲೆಗಳು.

ಆಗ ದೂರದರ್ಶನ ಇನ್ನೂ ಆಕಾಶವಾಣಿಯ ಅಂಗವಾಗಿತ್ತು. ಕಾರ್ಯಕ್ರಮಗಳ ತಯಾರಿಕೆಗೆ ದೆಹಲಿ, ಕಟಕ್, ಹೈದರಾಬಾದುಗಳಲ್ಲಿ ಕೇಂದ್ರಗಳನ್ನು ತೆರೆದರು. ತೆಲುಗು ಮತ್ತು ಕನ್ನಡ ಎರಡೂ ಭಾಷೆಗಳ ಹೊಣೆ ಹೈದರಾಬಾದಿನ ಕೇಂದ್ರಕ್ಕೆ ಬಿತ್ತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ ಎಂಬುದನ್ನು ನೆನೆದರೆ, ಅದಕ್ಕೂ ಆರು ವರ್ಷ ಮೊದಲೇ ಕನ್ನಡದ ದೂರದರ್ಶನ ಕಾರ್ಯಕ್ರಮಗಳು ನಮ್ಮ ಈ ಊರಿನಲ್ಲಿ ಸಿದ್ಧವಾಗುತ್ತಿದ್ದವು ಎಂಬ ಸಂಗತಿಯ ತೂಕ ತಿಳಿಯುತ್ತದೆ.

ಹಳ್ಳಿಗಳಿಗೆ ಹೋದ ಟಿ.ವಿ. ಪೆಟ್ಟಿಗೆಗಳೂ ಇಲ್ಲಿಯವೇ. 1967ರಲ್ಲಿ ಅಣುಶಕ್ತಿ ಇಲಾಖೆಯ ಆಶ್ರಯದಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ, ಎಂದರೆ ಇ.ಸಿ.ಐ.ಎಲ್., ಅವುಗಳನ್ನು ತಯಾರಿಸಿತು. ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಎ. ಎಸ್. ರಾವ್ ಅವರ ಹೆಸರಿನಲ್ಲಿ ಇಂದು ಬಡಾವಣೆಯೇ ಇದೆ. ಸಂಸ್ಥೆಯ ಹೆಸರಿನಲ್ಲಿ ಚೌರಸ್ತೆಯೂ ಇದೆ.

ಹಳ್ಳಿಯ ಶಾಲೆಯ ಬಳಿ ಮೂರು ಮೀಟರು ಅಗಲದ ಒಂದು ಜಾಲರಿ ನಿಲ್ಲುತ್ತಿತ್ತು. ಅದು ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ್ದು. ಸುಮಾರು 36,000 ಕಿಲೋಮೀಟರು ಎತ್ತರದಿಂದ ಬಂದ ಕ್ಷೀಣ ಸಂಕೇತವನ್ನು ಅದು ಹಿಡಿಯುತ್ತಿತ್ತು; ಒಂದು ಪೆಟ್ಟಿಗೆ ಅದನ್ನು ಟಿ.ವಿ.ಗೆ ಒಗ್ಗುವಂತೆ ಬದಲಾಯಿಸುತ್ತಿತ್ತು. ಅಲ್ಲಿಂದ ಅದು ಟಿ.ವಿ.ಗೆ ಬರುತ್ತಿತ್ತು. ಒಂದೇ ಚಿತ್ರದ ಜೊತೆಗೆ ಎರಡು ಬೇರೆ ಧ್ವನಿಗಳನ್ನು ಕಳಿಸುವ ಅನುಕೂಲವೂ ಆ ಏರ್ಪಾಡಿನಲ್ಲಿ ಇತ್ತು. ಒಂದೇ ದಾರಿಯಲ್ಲಿ ಹಲವು ವಸ್ತುಗಳು ಪ್ರಯಾಣ ಮಾಡುವ ಈ ಉಪಾಯವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇಂದಿನ ಪರದೆಯ ತಂತಿಯ ಗುಟ್ಟೂ ಅದೇ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಅದರ ಮುಂದುವರಿಕೆಯಾಗಿ 1977ರಲ್ಲಿ ಹೈದರಾಬಾದ್ ಮತ್ತು ಗುಲಬರ್ಗಾಗಳಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರಗಳು ಬಂದವು.

ಮಾಳಿಗೆಯ ಮೇಲಿನ ಕಡ್ಡಿಗಳು

ಇಲ್ಲಿಂದ ಮುಂದಿನ ಕಥೆ ನಮ್ಮ ಹಿರಿಯರಿಗೆಲ್ಲ ಗೊತ್ತು. ಕಾಚಿಗುಡದಿಂದ ಸಿಕಂದರಾಬಾದಿನವರೆಗೆ ಮಾಳಿಗೆ ಮಾಳಿಗೆಗೂ ಮೀನಿನ ಮುಳ್ಳಿನಂಥ ಏರಿಯಲ್ಲುಗಳು ಎದ್ದವು. ಒಬ್ಬರು ಮೇಲೆ ನಿಂತು ಅದನ್ನು ತಿರುಗಿಸುವುದು, ಇನ್ನೊಬ್ಬರು ಕೆಳಗಿನಿಂದ ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು ಆ ಕಾಲದ ಮನೆಗಳಲ್ಲಿ ನಿತ್ಯದ ನೋಟ.

ಏರಿಯಲ್ಲಿನಿಂದ ಇಳಿದು ಬರುವ ತಂತಿ ಎರಡು ಬಗೆಯದು. ಒಂದು ಚಪ್ಪಟೆಯಾದ ಪಟ್ಟಿಯಂಥದು, ಅದರ ಎರಡು ಅಂಚಿನಲ್ಲಿ ಎರಡು ತಂತಿ. ಇನ್ನೊಂದು ದುಂಡನೆಯದು, ನಡುವೆ ಒಂದು ತಂತಿ, ಸುತ್ತ ಹೆಣೆದ ತಂತಿಯ ಬಲೆ. ಚಪ್ಪಟೆಯದು 300 ಓಮ್, ದುಂಡನೆಯದು 75 ಓಮ್ ಎಂದು ಲೆಕ್ಕ. ಈ ಓಮ್ ಎಂಬುದನ್ನು ಕಾಲುವೆಯ ಅಗಲಕ್ಕೆ ಹೋಲಿಸಬಹುದು. ಅಗಲವಾದ ಕಾಲುವೆಯ ನೀರು ಒಮ್ಮೆಲೇ ಇಕ್ಕಟ್ಟಾದ ತೂಬಿಗೆ ಬಂದರೆ ಸ್ವಲ್ಪ ಭಾಗ ಹಿಂದಕ್ಕೆ ಚಿಮ್ಮುವಂತೆ, ಒಂದಕ್ಕೊಂದು ಹೊಂದದ ತಂತಿ ಮತ್ತು ಸಾಕೆಟ್ಟನ್ನು ಕೂಡಿಸಿದರೆ ಸಂಕೇತದ ಒಂದಂಶ ಹಿಂದಿರುಗಿ, ಮತ್ತೆ ತಡವಾಗಿ ಬಂದು ಸೇರುತ್ತದೆ. ಆಗ ಪರದೆಯ ಮೇಲೆ ಒಬ್ಬ ಮನುಷ್ಯನ ಪಕ್ಕದಲ್ಲಿ ಅವನದೇ ನೆರಳು ನಿಲ್ಲುತ್ತಿತ್ತು. ಎರಡೂ ಬಗೆಯ ತಂತಿಗಳನ್ನು ಕೂಡಿಸಲು ನಡುವೆ ಬೆರಳುದ್ದದ ಒಂದು ಹೊಂದಾಣಿಕೆಯ ಸುರುಳಿಯನ್ನು ಹಾಕಬೇಕಾಗಿತ್ತು.

ಆ ಕಾಲದ ತಂತಿಗೆ ಒಂದು ಪ್ರಾಮಾಣಿಕತೆ ಇತ್ತು. ದೋಷ ಯಾವುದೆಂದು ಚಿತ್ರವೇ ಹೇಳುತ್ತಿತ್ತು. ಪರದೆಯ ಮೇಲೆ ಎಳ್ಳು ಚೆಲ್ಲಿದಂತಾದರೆ ಸಂಕೇತ ಸಾಲದು. ನೆರಳು ಕಂಡರೆ ಜೋಡಣೆ ಸರಿಯಿಲ್ಲ, ಇಲ್ಲವೆ ಎದುರಿನ ಕಟ್ಟಡವೋ ಗುಡ್ಡವೋ ಸಂಕೇತವನ್ನು ತಟ್ಟಿ ಕಳಿಸುತ್ತಿದೆ. ಗಾಳಿಗೆ ಚಿತ್ರ ಬಂದು ಹೋಗಿ ಮಾಡಿದರೆ ತಂತಿ ಸಡಿಲ. ವೈದ್ಯರು ನಾಡಿ ನೋಡುವಂತೆ ಮನೆಯ ಹುಡುಗರೂ ಚಿತ್ರ ನೋಡಿ ರೋಗ ಹೇಳುತ್ತಿದ್ದರು. ಈ ಪ್ರಾಮಾಣಿಕತೆ ಮುಂದೆ ಹೇಗೆ ಹೋಯಿತೆಂಬುದೇ ನಮ್ಮ ಕಥೆಯ ತಿರುಳು.

ಒಂಬತ್ತು ಪಿನ್ನುಗಳ ಪಾಠ

ಈಗ ಗಣಕಯಂತ್ರದ ಕಡೆಗೆ ಬರೋಣ. ಟ್ರಾಂಬೆಯ ವಿಜ್ಞಾನಿಗಳು ರೂಪಿಸಿದ ಟಿ.ಡಿ.ಸಿ.-12 ಎಂಬ ಗಣಕವನ್ನು 1969ರಲ್ಲಿ ಹೊರತಂದ ಸಂಸ್ಥೆಯೂ ಇ.ಸಿ.ಐ.ಎಲ್. ಆಗಿದೆ. ಆ ಕಾಲದ ಗಣಕಕ್ಕೆ ಪರದೆ ಇರಲೇಬೇಕೆಂಬ ನಿಯಮವಿರಲಿಲ್ಲ. ಉತ್ತರ ಕಾಗದದ ಮೇಲೆ ಅಚ್ಚಾಗಿ ಬಂದರೆ ಸಾಕಾಗಿತ್ತು. ಪರದೆ ಮನೆಮಾತಾದದ್ದು ಮೇಜಿನ ಮೇಲಿನ ಗಣಕಗಳು ಬಂದ ಮೇಲೆ.

1981ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಆಸ್ಬಾರ್ನ್-1 ಎಂಬ ಗಣಕ ಮಾರಾಟಕ್ಕೆ ಬಂತು. ಕೈಯಲ್ಲಿ ಹಿಡಿದುಕೊಂಡು ಹೋಗಬಹುದಾದ ಗಣಕವೆಂದು ಅದರ ಪ್ರಚಾರ. ತೂಕ ಸುಮಾರು 11 ಕಿಲೋ. ಹೊಲಿಗೆ ಯಂತ್ರದ ಪೆಟ್ಟಿಗೆಯಂತೆ ಮುಚ್ಚಿ ಹಿಡಿಕೆ ಹಿಡಿದು ಎತ್ತಬೇಕು. ಅದರ ಪರದೆ ಕೇವಲ ಐದು ಅಂಗುಲದ್ದು. ಒಂದು ಸಾಲಿಗೆ 52 ಅಕ್ಷರಗಳು ಮಾತ್ರ ಕಾಣುತ್ತಿದ್ದವು. ಆದ್ದರಿಂದ ಹೊರಗಿನ ದೊಡ್ಡ ಪರದೆಯನ್ನು ಕೂಡಿಸಲು ಅದಕ್ಕೊಂದು ಬಾಯಿಯನ್ನೂ ಇಟ್ಟಿದ್ದರು. ಸಂಚಾರಿ ಗಣಕಕ್ಕೆ ಎರಡನೆಯ ಪರದೆ ಬೇಕೆಂಬ ಇಂದಿನ ಹಂಬಲ ಸಂಚಾರಿ ಗಣಕದಷ್ಟೇ ಹಳೆಯದು.

ಅದೇ ವರ್ಷದ ಆಗಸ್ಟಿನಲ್ಲಿ ಐ.ಬಿ.ಎಂ. ಕಂಪನಿಯ ಪಿ.ಸಿ. ಬಂತು. ಅದಕ್ಕೆ ಎರಡು ಬಗೆಯ ಚಿತ್ರಫಲಕಗಳಿದ್ದವು: ಒಂದೇ ಬಣ್ಣದಲ್ಲಿ ಅಚ್ಚುಕಟ್ಟಾದ ಅಕ್ಷರ ತೋರಿಸುವುದೊಂದು, ಬಣ್ಣದ ಚಿತ್ರ ತೋರಿಸುವುದು ಇನ್ನೊಂದು. ಎರಡಕ್ಕೂ ಹಿಂದೆ ಇದ್ದದ್ದು ಒಂದೇ ಆಕಾರದ, ಒಂಬತ್ತು ಪಿನ್ನಿನ ಬಾಯಿ. ಒಂದರ ಪ್ಲಗ್ಗು ಇನ್ನೊಂದಕ್ಕೆ ಸಲೀಸಾಗಿ ಕೂಡುತ್ತಿತ್ತು. ಆದರೆ ಎರಡರ ಸಂಕೇತಗಳ ವೇಗ ಬೇರೆ. ಒಂದೇ ಬಣ್ಣದ ಮಾನಿಟರನ್ನು ತಪ್ಪಿ ಬಣ್ಣದ ಫಲಕಕ್ಕೆ ಕೂಡಿಸಿದರೆ ಮಾನಿಟರೇ ಸುಡುವ ಅಪಾಯವಿತ್ತು. 1984ರಲ್ಲಿ ಹೆಚ್ಚು ಬಣ್ಣಗಳ ಮೂರನೆಯ ಬಗೆ ಬಂದಾಗಲೂ ಅದೇ ಒಂಬತ್ತು ಪಿನ್ನಿನ ಬಾಯಿಯನ್ನೇ ಉಳಿಸಿಕೊಂಡರು. ಹಳೆಯ ಬಣ್ಣದ ಫಲಕದಲ್ಲಿ ಎರಡನೆಯ ಪಿನ್ನು ಬರಿಯ ನೆಲದ ತಂತಿಯಾಗಿತ್ತು; ಹೊಸದರಲ್ಲಿ ಅದೇ ಪಿನ್ನು ಕೆಂಪು ಬಣ್ಣದ ಇನ್ನೊಂದು ಛಾಯೆಯನ್ನು ಹೊರತೊಡಗಿತು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ನಮ್ಮ ಗಾದೆಯನ್ನು ಗಣಕದ ಬಳಕೆದಾರರು ಮೊದಲು ಕಲಿತದ್ದು ಇಲ್ಲಿ. ಪ್ಲಗ್ಗು ಕೂಡುತ್ತದೆ ಎಂದರೆ ಒಳಗಿನದು ಕೂಡುತ್ತದೆ ಎಂದು ಅರ್ಥವಲ್ಲ. ದುರ್ದೈವದಿಂದ ಈ ಪಾಠವನ್ನು ಮರೆಯುವಷ್ಟು ಕಾಲ ನಡುವೆ ಒಂದು ಒಳ್ಳೆಯ ಯುಗ ಬಂದುಹೋಯಿತು.

ಹದಿನೈದು ಪಿನ್ನುಗಳ ನೆಮ್ಮದಿ

ಆ ಒಳ್ಳೆಯ ಯುಗವೇ ವಿ.ಜಿ.ಎ. ಕಾಲ. 1987ರ ಏಪ್ರಿಲಿನಲ್ಲಿ ಐ.ಬಿ.ಎಂ. ಇದನ್ನು ಹೊರತಂದಿತು. ಮೂರು ಸಾಲುಗಳಲ್ಲಿ ಹದಿನೈದು ಪಿನ್ನು, ಎರಡೂ ಬದಿಗೆ ಬಿಗಿಯುವ ತಿರುಪು. ಕೆಂಪು, ಹಸಿರು, ನೀಲಿ ಮೂರಕ್ಕೂ ಒಂದೊಂದು ಎಳೆ. ಸಾಲು ಮತ್ತು ಪುಟಗಳ ತಾಳ ಹಿಡಿಯಲು ಇನ್ನೆರಡು. ಆ ಆಕಾರದ ಬಾಯಿ ಇದ್ದರೆ ಅದು ಚಿತ್ರಕ್ಕಾಗಿಯೇ. ಸಂದೇಹಕ್ಕೆ ಎಡೆಯೇ ಇಲ್ಲ. 1998ರ ನವೆಂಬರಿನಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದಾಗಲೂ ಗಣಕದ ಪರದೆಯ ತಂತಿ ಎಂದರೆ ಇದೇ. 2010ರ ಡಿಸೆಂಬರಿನಲ್ಲಿ ಇಂಟೆಲ್, ಎ.ಎಂ.ಡಿ. ಮೊದಲಾದ ಕಂಪನಿಗಳು 2015ರ ಹೊತ್ತಿಗೆ ಇದನ್ನು ಕೈಬಿಡುವುದಾಗಿ ಸಾರುವವರೆಗೆ ಇಪ್ಪತ್ತಮೂರು ವರ್ಷ ಅದು ಆಳಿತು.

ಏರಿಯಲ್ಲಿನ ಪ್ರಾಮಾಣಿಕತೆ ಈ ತಂತಿಗೂ ಇತ್ತು. ನೀಲಿಯ ಪಿನ್ನು ಬಾಗಿದ್ದರೆ ಬಿಳಿಯ ಪುಟ ಹಳದಿಯಾಗುತ್ತಿತ್ತು. ಹಸಿರಿನದು ಹೋದರೆ ಕಡುಗುಲಾಬಿ, ಕೆಂಪಿನದು ಹೋದರೆ ತಿಳಿ ಹಸಿರುನೀಲಿ. ತಂತಿ ಕಳಪೆಯಾದರೆ ಅಕ್ಷರದ ಅಂಚು ಮಸುಕು. ಕನ್ನಡ ಓದುವವರಿಗೆ ಇದು ಬೇಗ ತಿಳಿಯುತ್ತಿತ್ತು. ಇಂಗ್ಲಿಷ್ ಅಕ್ಷರ ಸ್ವಲ್ಪ ಮಸುಕಾದರೂ ಓದಬಹುದು. ನಮ್ಮ ಒತ್ತಕ್ಷರ, ದೀರ್ಘ, ವಟ್ರಸುಳಿಗಳು ಗೆರೆಯ ಕೆಳಗೂ ಪಕ್ಕದಲ್ಲೂ ಸಣ್ಣದಾಗಿ ಕೂರುವಂಥವು. ಚಿತ್ರ ಕೆಟ್ಟರೆ ಮೊದಲು ಅಳಿಸಿಹೋಗುವುದು ಅವೇ.

1994ರಲ್ಲಿ ಇನ್ನೊಂದು ಬದಲಾವಣೆ ಆಯಿತು. ಅಲ್ಲಿಯವರೆಗೆ ಗಣಕ ಹೇಳುತ್ತಿತ್ತು, ಪರದೆ ಕೇಳುತ್ತಿತ್ತು. ಆ ವರ್ಷ ವೆಸಾ ಎಂಬ ಸಂಸ್ಥೆ ರೂಪಿಸಿದ ಕ್ರಮದಂತೆ ಪರದೆಯೂ ತನ್ನ ಅಳತೆಯನ್ನು ಗಣಕಕ್ಕೆ ತಿಳಿಸತೊಡಗಿತು. ಈ ಮಾತುಕತೆಗೆಂದೇ ಕೆಲವು ಪಿನ್ನುಗಳನ್ನು ಮೀಸಲಿಟ್ಟರು. ಅನುಕೂಲ ದೊಡ್ಡದು, ಆದರೆ ಮಾತು ಕಡಿದರೆ ತಪ್ಪು ಅಳತೆಯ ಚಿತ್ರ ಬರುವ ಹೊಸ ತೊಂದರೆಯೂ ಅದರೊಡನೆ ಬಂತು.

ಅಂಕಿಗಳಾಗಿ ಹರಿದ ಚಿತ್ರ

ಇಲ್ಲಿಯವರೆಗೆ ಚಿತ್ರ ಅಲೆಯಾಗಿ ಹರಿಯುತ್ತಿತ್ತು. 1999ರಲ್ಲಿ ಬಂದ ಡಿ.ವಿ.ಐ., 2002ರ ಡಿಸೆಂಬರಿನಲ್ಲಿ ಏಳು ಕಂಪನಿಗಳು ಕೂಡಿ ತಂದ ಎಚ್.ಡಿ.ಎಂ.ಐ., 2006ರಲ್ಲಿ ವೆಸಾ ತಂದ ಡಿಸ್‌ಪ್ಲೇ ಪೋರ್ಟ್ ಇವುಗಳಲ್ಲಿ ಚಿತ್ರ ಅಂಕಿಗಳಾಗಿ ಹರಿಯತೊಡಗಿತು. ಅಂಕಿ ಎಂದರೆ ಸೊನ್ನೆ ಅಥವಾ ಒಂದು. ತಲುಪಿದರೆ ಪೂರ್ತಿ ಸರಿ, ತಪ್ಪಿದರೆ ಪೂರ್ತಿ ತಪ್ಪು. ಆದ್ದರಿಂದ ಚಿತ್ರ ಬಹಳ ಸ್ವಚ್ಛವಾಯಿತು. ಆದರೆ ತಂತಿ ತನ್ನ ರೋಗವನ್ನು ಹೇಳುವುದನ್ನು ಬಿಟ್ಟಿತು. ಮಸುಕು, ನೆರಳು, ಬಣ್ಣಗೆಡುವುದು ಮುಂತಾದ ಮುನ್ಸೂಚನೆಗಳು ಹೋದವು. ಒಂದೆರಡು ಸಲ ಕಿಡಿ ಮಿನುಗಿದಂತಾಗಿ ಆಮೇಲೆ ಕತ್ತಲೆ. ಅನೇಕ ಸಲ ಆ ಕಿಡಿಯೂ ಇಲ್ಲ. ಸಡಿಲ ಪ್ಲಗ್ಗು, ಸೀಳಿದ ತಂತಿ, ತಪ್ಪು ತಂತಿ, ಸಾಲದ ವಿದ್ಯುತ್ತು ಎಲ್ಲದಕ್ಕೂ ಒಂದೇ ಉತ್ತರ: ‘ನೋ ಸಿಗ್ನಲ್’.

ಎಚ್.ಡಿ.ಎಂ.ಐ. ಬಾಯಿಯಲ್ಲಿ 19 ಸಂಪರ್ಕಗಳಿವೆ. 2006ರಲ್ಲಿ ಅದರ ಕಿರಿಯ ಗಾತ್ರವೂ 2009ರಲ್ಲಿ ಅತಿ ಕಿರಿಯ ಗಾತ್ರವೂ ಬಂದವು. ತೆಳ್ಳಗಿನ ಪೋರ್ಟಬಲ್ ಮಾನಿಟರುಗಳಲ್ಲಿ ಹೆಚ್ಚಾಗಿ ಇರುವುದು ಕಿರಿಯ ಗಾತ್ರ. ಅಗಲವಾದ ಬಾಯಿಯ ತಂತಿ ಅದಕ್ಕೆ ಹಿಡಿಯುವುದೇ ಇಲ್ಲ; ಇದು ಕಣ್ಣಿಗೆ ಕಾಣುವ ತೊಂದರೆ, ಹಾಗಾಗಿ ಸುಲಭದ್ದು. ಕಾಣದ ತೊಂದರೆ ಬೇರೆ ಇದೆ. ಎಚ್.ಡಿ.ಎಂ.ಐ. ತಂತಿ ಚಿತ್ರವನ್ನೂ ಧ್ವನಿಯನ್ನೂ ತರುತ್ತದೆ, ಪರದೆಗೆ ಬೇಕಾದ ವಿದ್ಯುತ್ತನ್ನು ತರುವುದಿಲ್ಲ. ಅದರಲ್ಲಿ ಖಚಿತವಾಗಿ ಸಿಗುವುದು 5 ವೋಲ್ಟಿನ ಮೇಲೆ 55 ಮಿಲಿ ಆಂಪಿಯರ್, ಅಂದರೆ ಕಾಲು ವಾಟಿಗಿಂತ ಸ್ವಲ್ಪ ಹೆಚ್ಚು. ಪರದೆಗಾದರೋ ಅನೇಕ ವಾಟುಗಳು ಬೇಕು. ಆದ್ದರಿಂದ ಎಚ್.ಡಿ.ಎಂ.ಐ. ಮೂಲಕ ಜೋಡಿಸಿದ ಪೋರ್ಟಬಲ್ ಮಾನಿಟರಿಗೆ ವಿದ್ಯುತ್ತಿನ ಎರಡನೆಯ ತಂತಿ ಬೇಕೇ ಬೇಕು.

ಒಂದೇ ಬಾಯಿ, ಹಲವು ಒಡಲು

2014ರ ಆಗಸ್ಟಿನಲ್ಲಿ ಯು.ಎಸ್.ಬಿ.-ಸಿ ಎಂಬ ಹೊಸ ಬಾಯಿಯ ವಿವರ ಪ್ರಕಟವಾಯಿತು. ಮೇಲು ಕೆಳಗು ಎಂಬ ಭೇದವಿಲ್ಲದೆ ಹೇಗೆ ಚುಚ್ಚಿದರೂ ಕೂಡುವ ಈ ದುಂಡು ಮೂಲೆಯ ಬಾಯಿ ಇಂದು ಎಲ್ಲರ ಕಿಸೆಯಲ್ಲಿದೆ. ಮುಂದಿನ ತಿಂಗಳೇ ಡಿಸ್‌ಪ್ಲೇ ಪೋರ್ಟಿನ ಚಿತ್ರವನ್ನು ಇದೇ ಬಾಯಿಯ ಮೂಲಕ ಕಳಿಸುವ ಕ್ರಮವೂ ಪ್ರಕಟವಾಯಿತು. ಒಂದೇ ತಂತಿಯಲ್ಲಿ ಚಿತ್ರ, ಧ್ವನಿ, ವಿದ್ಯುತ್ತು! ಪೋರ್ಟಬಲ್ ಮಾನಿಟರು ನಿಜವಾಗಿ ಸಂಚಾರಿಯಾದದ್ದು ಇದರಿಂದ. ಗೊಂದಲ ಹುಟ್ಟಿದ್ದೂ ಇದರಿಂದಲೇ.

ಈ ಬಾಯಿಯಲ್ಲಿ 24 ಸಂಪರ್ಕಗಳಿವೆ. ನಾಲ್ಕು ವಿದ್ಯುತ್ತಿಗೆ, ನಾಲ್ಕು ನೆಲಕ್ಕೆ. ನಾಲ್ಕು ಹಳೆಯ ಬಗೆಯ ನಿಧಾನದ ಮಾಹಿತಿಗೆ. ಎಂಟು, ಅಂದರೆ ನಾಲ್ಕು ಜೋಡಿ, ಅತಿ ವೇಗದ ಮಾಹಿತಿಗೆ. ಚಿತ್ರ ಹರಿಯುವುದು ಈ ಜೋಡಿಗಳಲ್ಲಿ. ಉಳಿದ ನಾಲ್ಕು ಎರಡೂ ಬದಿಯ ಯಂತ್ರಗಳ ಮಾತುಕತೆಗೆ: ಯಾರು ವಿದ್ಯುತ್ತು ಕೊಡಬೇಕು, ಎಷ್ಟು ಕೊಡಬೇಕು, ಚಿತ್ರ ಕಳಿಸಬೇಕೇ ಬೇಡವೇ ಎಂದು ಮೊದಲು ತೀರ್ಮಾನವಾಗಬೇಕು.

ಈಗ ನಮ್ಮ ಮನೆಯ ಫೋನ್ ಚಾರ್ಜರಿನ ತಂತಿಯನ್ನು ನೋಡಿ. ಎರಡೂ ತುದಿಗೆ ಇದೇ ಬಾಯಿ ಇರಬಹುದು. ಒಳಗೆ ಮಾತ್ರ ವೇಗದ ಆ ನಾಲ್ಕು ಜೋಡಿ ಎಳೆಗಳೇ ಅನೇಕ ಸಲ ಇರುವುದಿಲ್ಲ. ಚಾರ್ಜಿಗೆ ಅವು ಬೇಕಿಲ್ಲ. ಅವನ್ನು ಬಿಟ್ಟರೆ ತಂತಿ ತೆಳ್ಳಗೆ, ಮೆತ್ತಗೆ, ಅಗ್ಗ. ಅಂಥ ತಂತಿಯನ್ನು ಮಾನಿಟರಿಗೆ ಚುಚ್ಚಿದರೆ ದೀಪ ಹೊತ್ತುತ್ತದೆ, ಚಿತ್ರ ಬರುವುದಿಲ್ಲ. 2023ರಲ್ಲಿ ಬಂದ ಐಫೋನ್ 15 ಇದಕ್ಕೆ ಒಳ್ಳೆಯ ನಿದರ್ಶನ. ಆ ಫೋನಿನ ಬಾಯಿ ಹೊರಗಿನ ಪರದೆಗೆ ಚಿತ್ರ ಕಳಿಸಬಲ್ಲದು. ಅದೇ ಡಬ್ಬಿಯಲ್ಲಿ ಕೊಟ್ಟ ಚಾರ್ಜಿಂಗ್ ತಂತಿ ಚಿತ್ರವನ್ನು ಒಯ್ಯಲಾರದು. ಇದಕ್ಕೆ ಎದುರಾದ ಸಂಗತಿಯೂ ಉಂಟು: ತಂತಿ ಸರಿಯಿದ್ದರೂ ಚಿತ್ರ ಕಳಿಸುವ ಸಾಮರ್ಥ್ಯವೇ ಇಲ್ಲದ ಫೋನುಗಳು, ಮಡಿಸುವ ಗಣಕಗಳು ಬಹಳ ಇವೆ. ಒಂದೇ ಗಣಕದ ಎರಡು ಬಾಯಿಗಳಲ್ಲಿ ಒಂದು ಕಳಿಸಬಹುದು, ಇನ್ನೊಂದು ಕಳಿಸದಿರಬಹುದು. 1981ರ ಒಂಬತ್ತು ಪಿನ್ನಿನ ಪಾಠ ಹೀಗೆ ಹೊಸ ವೇಷದಲ್ಲಿ ಬಂದಿದೆ. ಅಂದು ತಪ್ಪಿದರೆ ಮಾನಿಟರು ಸುಡುವ ಭಯವಿತ್ತು. ಇಂದು ಯಂತ್ರಗಳು ಮೊದಲೇ ಮಾತಾಡಿಕೊಳ್ಳುವುದರಿಂದ ಸುಡುವ ಭಯ ಕಡಿಮೆ, ಗೊಂದಲ ಹೆಚ್ಚು.

ಐರೋಪ್ಯ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನು ಮುಂತಾದವಕ್ಕೆ ಇದೇ ಬಾಯಿ ಇರಬೇಕೆಂದು ಕಡ್ಡಾಯ ಮಾಡಿತು. ಚಾರ್ಜರುಗಳ ರಾಶಿ ಕಡಿಮೆಯಾಗುವುದು ಸಂತೋಷದ ಸಂಗತಿಯೇ. ಆದರೆ ಆ ನಿಯಮ ಚಾರ್ಜಿಗೆ ಸಂಬಂಧಪಟ್ಟದ್ದು. ಚಿತ್ರದ ಮಾತು ಅದರಲ್ಲಿಲ್ಲ. ಹೊರಗಿನ ಏಕರೂಪತೆ ಹೆಚ್ಚಿದಷ್ಟೂ ಒಳಗಿನ ಭೇದವನ್ನು ನಾವೇ ಗುರುತಿಟ್ಟುಕೊಳ್ಳಬೇಕಾಗಿದೆ.

ಪರೀಕ್ಷೆಯ ಕ್ರಮ

ಚರಿತ್ರೆ ಓದಿದ್ದಕ್ಕೆ ಒಂದು ಪ್ರಯೋಜನವಿರಬೇಕು. ಪರದೆ ಬೆಳಗದಿದ್ದಾಗ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯನ್ನು ಕ್ರಮವಾಗಿ ಇಲ್ಲಿ ಕೊಡುತ್ತೇವೆ.

ಮೊದಲನೆಯದು ವಿದ್ಯುತ್ತು. ಹಳೆಯ ಅಗಲ ಬಾಯಿಯ ಯು.ಎಸ್.ಬಿ.ಯಿಂದ ಸಾಮಾನ್ಯವಾಗಿ ಸಿಗುವುದು ಎರಡೂವರೆ ಅಥವಾ ನಾಲ್ಕೂವರೆ ವಾಟು ಮಾತ್ರ; ಪರದೆ ಹೊತ್ತಿ ಆರುವುದು, ಬೆಳಕು ಹೆಚ್ಚಿಸಿದೊಡನೆ ಕಪ್ಪಾಗುವುದು ಇದರಿಂದಲೇ. ಮಾನಿಟರಿಗೆ ಗೋಡೆಯ ಚಾರ್ಜರಿನಿಂದ ಬೇರೆಯಾಗಿ ವಿದ್ಯುತ್ತು ಕೊಟ್ಟು ನೋಡಬೇಕು.

ಎರಡನೆಯದು ಮಾನಿಟರಿನ ಬಾಯಿ. ಅನೇಕ ಮಾನಿಟರುಗಳಲ್ಲಿ ಒಂದೇ ಆಕಾರದ ಎರಡು ಬಾಯಿಗಳಿರುತ್ತವೆ. ಕೆಲವುದರಲ್ಲಿ ಅವುಗಳಲ್ಲೊಂದು ವಿದ್ಯುತ್ತಿಗೆ ಮಾತ್ರ. ತಂತಿಯನ್ನು ಇನ್ನೊಂದಕ್ಕೆ ಬದಲಾಯಿಸಿ ನೋಡಬೇಕು. ಮಾನಿಟರಿನ ಗುಂಡಿ ಒತ್ತಿ, ಚಿತ್ರ ಯಾವ ಬಾಯಿಯಿಂದ ಬರಬೇಕೆಂದು ಆರಿಸಿದ್ದಾರೆ ಎಂಬುದನ್ನೂ ಗಮನಿಸಬೇಕು.

ಮೂರನೆಯದು ತಂತಿ. ಮಾನಿಟರಿನ ಡಬ್ಬಿಯಲ್ಲಿ ಬಂದ ತಂತಿಯನ್ನೇ ಮೊದಲು ಬಳಸಬೇಕು. ಅದು ಕಳೆದಿದ್ದರೆ ಒಂದು ಮೀಟರಿನಷ್ಟು ಚಿಕ್ಕದಾದ, ಚಿತ್ರ ಒಯ್ಯುತ್ತದೆಂದು ಬರೆದಿರುವ ತಂತಿಯನ್ನೇ ಕೊಳ್ಳಬೇಕು. ಒಂದು ತುದಿಗೆ ಹಳೆಯ ಅಗಲ ಬಾಯಿ ಇರುವ ತಂತಿಯಿಂದ, ಅದಕ್ಕೆಂದೇ ಪ್ರತ್ಯೇಕ ತಂತ್ರಾಂಶ ಹಾಕಿ ಬಳಸುವ ಕೆಲವು ಮಾನಿಟರುಗಳನ್ನು ಬಿಟ್ಟರೆ, ಚಿತ್ರವನ್ನು ನಿರೀಕ್ಷಿಸಲೇಬಾರದು.

ನಾಲ್ಕನೆಯದು ಗಣಕ. ಬಾಯಿಯ ಪಕ್ಕದಲ್ಲಿ ಡಿ ಮತ್ತು ಪಿ ಅಕ್ಷರಗಳನ್ನು ಹೆಣೆದ ಗುರುತು ಅಥವಾ ಬಾಣದಂಥ ಮಿಂಚಿನ ಗುರುತು ಇದ್ದರೆ ಅದು ಚಿತ್ರ ಕಳಿಸುವ ಸಂಭವ ಹೆಚ್ಚು. ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳುವುದು ಉತ್ತಮ. ವಿಂಡೋಸ್ ಗಣಕವಾದರೆ ವಿಂಡೋಸ್ ಕೀಲಿಯ ಜೊತೆಗೆ ಪಿ ಒತ್ತಿ, ಎರಡನೆಯ ಪರದೆಯನ್ನು ಬಳಸುವ ಆಯ್ಕೆ ಮಾಡಬೇಕು.

ಐದನೆಯದು ನಡುವಿನ ಪರಿವರ್ತಕ. ಯು.ಎಸ್.ಬಿ.-ಸಿ ಇಂದ ಎಚ್.ಡಿ.ಎಂ.ಐ.ಗೆ ಎಂದು ಮಾರುವ ತಂತಿ ಸಾಮಾನ್ಯವಾಗಿ ಒಮ್ಮುಖ ರಸ್ತೆ. ಗಣಕದ ಸಿ ಬಾಯಿಯಿಂದ ಮಾನಿಟರಿನ ಎಚ್.ಡಿ.ಎಂ.ಐ.ಗೆ ಚಿತ್ರ ಹೋಗುತ್ತದೆ, ಗಣಕದ ಎಚ್.ಡಿ.ಎಂ.ಐ. ಇಂದ ಮಾನಿಟರಿನ ಸಿ ಬಾಯಿಗೆ ಬರುವುದಿಲ್ಲ. ಪ್ಲಗ್ಗು ಎರಡೂ ಕಡೆ ಕೂಡುತ್ತದೆಂದು ಮೋಸಹೋಗಬಾರದು.

ಕೊನೆಯದು ಕಸ. ಚೀಲದಲ್ಲೂ ಕಿಸೆಯಲ್ಲೂ ಓಡಾಡುವ ಯಂತ್ರದ ಬಾಯಿಯಲ್ಲಿ ನೂಲಿನ ಎಳೆ, ಧೂಳು ಸೇರಿ ಪ್ಲಗ್ಗು ಪೂರ್ತಿ ಕೂರದೆ ಇರಬಹುದು. ವಿದ್ಯುತ್ತು ಕಳಚಿ, ಒಣ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಬೇಕು. ಸೂಜಿ, ಪಿನ್ನು ಹಾಕಬಾರದು.

ಬೇರೆ ವಿದ್ಯುತ್ತು ಕೊಟ್ಟು, ಎಚ್.ಡಿ.ಎಂ.ಐ. ತಂತಿಯಿಂದ ಕೂಡಿಸಿದಾಗ ಚಿತ್ರ ಬಂದರೆ ಪರದೆ ಆರೋಗ್ಯವಾಗಿದೆ ಎಂದೇ ತಿಳಿಯಬೇಕು. ಹೊಸ ತಂತಿಯ ಬೆಲೆ ಹೊಸ ಪರದೆಯ ಬೆಲೆಯ ಒಂದು ಸಣ್ಣ ಅಂಶ. ಸಿಕಂದರಾಬಾದಿನ ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರಿನಲ್ಲೋ ಕೋಠಿಯ ಗುಜರಾತಿ ಗಲ್ಲಿಯಲ್ಲೋ ಕೇಳುವಾಗ ‘ಟೈಪ್-ಸಿ ಕೇಬಲ್ ಕೊಡಿ’ ಎಂದರೆ ಸಾಲದು; ‘ಮಾನಿಟರಿಗೆ ವಿಡಿಯೋ ಹೋಗುವ ಕೇಬಲ್’ ಎಂದೇ ಕೇಳಬೇಕು. ಸಾಧ್ಯವಾದರೆ ಗಣಕ, ಮಾನಿಟರು ಎರಡನ್ನೂ ಒಯ್ದು ಅಲ್ಲಿಯೇ ಜೋಡಿಸಿ ನೋಡುವುದು ಲೇಸು.

ನಾವು ಮಾಡಬೇಕಾದ್ದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಂತಿಯ ತಪ್ಪಿಗೆ ಪರದೆಯನ್ನು ದೂರುವುದೂ ಹಾಗೆಯೇ. ಅದರಿಂದ ಆಗುವ ನಷ್ಟ ಹಣವೊಂದೇ ಅಲ್ಲ. ಒಳ್ಳೆಯ ಪರದೆ ಕಸಕ್ಕೆ ಸೇರಿದರೆ ಅದರೊಳಗಿನ ಲೋಹ, ಗಾಜು, ರಾಸಾಯನಿಕಗಳೂ ಕಸವೇ. ವಿದ್ಯುನ್ಮಾನ ತ್ಯಾಜ್ಯದ ಬಗ್ಗೆ ಭಾರತ ಸರ್ಕಾರದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಕರಿಗೆ ಹೊಣೆ ಹೊರಿಸಿವೆ. ಆದರೆ ಕೆಡದ ವಸ್ತುವನ್ನು ಎಸೆಯದಿರುವುದು ಬಳಸುವವರ ಹೊಣೆ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ಮಾಳಿಗೆಯ ಏರಿಯಲ್ಲನ್ನು ಪಳಗಿಸಿದ ಹಿರಿಯರು ಇಂದಿನ ಪರದೆಯ ಮುಂದೆ ‘ನಮಗೆ ಇದೆಲ್ಲ ತಿಳಿಯದು’ ಎಂದು ಹಿಂದೆ ಸರಿಯುತ್ತಾರೆ. ಅವರಿಗೆ ಗೊತ್ತಿದ್ದ ವಿದ್ಯೆ ಹಳೆಯದಾಗಿಲ್ಲ. ಮೊದಲು ತಂತಿ ನೋಡು, ಆಮೇಲೆ ಪೆಟ್ಟಿಗೆ ನೋಡು ಎಂಬುದೇ ಆ ವಿದ್ಯೆ. ಚಿತ್ರ ತಾನಾಗಿ ರೋಗ ಹೇಳುವ ಕಾಲ ಹೋಗಿದೆಯಾದ್ದರಿಂದ ಒಂದೊಂದನ್ನೇ ಬದಲಾಯಿಸಿ ಪರೀಕ್ಷಿಸುವ ಅವರ ತಾಳ್ಮೆ ಇಂದು ಹೆಚ್ಚು ಬೇಕಾಗಿದೆ. ಮಕ್ಕಳಿಗೆ ವೇಗವಿದೆ, ಹಿರಿಯರಿಗೆ ಕ್ರಮವಿದೆ. ಎರಡೂ ಒಂದೇ ಮೇಜಿನ ಬಳಿ ಕೂಡಿದರೆ ಮೆಕ್ಯಾನಿಕ್ಕನ ಮನೆಗೆ ಹೋಗುವ ಅಗತ್ಯ ಅರ್ಧಕ್ಕರ್ಧ ತಪ್ಪೀತು.

ಒಂದು ಸಣ್ಣ ಸಲಹೆಯೊಂದಿಗೆ ಮುಗಿಸುತ್ತೇವೆ. ಉಪ್ಪಿನಕಾಯಿ ಜಾಡಿಗೆ, ಮಸಾಲೆ ಡಬ್ಬಿಗೆ ನಮ್ಮ ಮನೆಗಳಲ್ಲಿ ಚೀಟಿ ಅಂಟಿಸುವ ರೂಢಿಯಿದೆ. ಹೊರಗಿನಿಂದ ಎಲ್ಲ ಡಬ್ಬಿಗಳೂ ಒಂದೇ ತರಹ ಕಾಣುವಾಗ ಒಳಗೇನಿದೆ ಎಂದು ತಿಳಿಯಲು ಬೇರೆ ದಾರಿಯಿಲ್ಲ. ಈ ಭಾನುವಾರ ಮನೆಯ ತಂತಿಗಳನ್ನೆಲ್ಲ ಒಂದು ಕಡೆ ಹರಡಿ, ಒಂದೊಂದನ್ನೂ ಮಾನಿಟರಿಗೆ ಹಚ್ಚಿ ಪರೀಕ್ಷಿಸಿ, ‘ಚಾರ್ಜಿಗೆ ಮಾತ್ರ’, ‘ಚಿತ್ರಕ್ಕೂ ಆದೀತು’ ಎಂದು ಕನ್ನಡದಲ್ಲಿ ಬರೆದು ಚೀಟಿ ಕಟ್ಟಿ. ಅರ್ಧ ಗಂಟೆಯ ಕೆಲಸ. ಮುಂದಿನ ಹಬ್ಬಕ್ಕೆ ಊರಿಗೆ ಹೊರಟಾಗ ಚೀಲಕ್ಕೆ ಯಾವುದನ್ನು ಹಾಕಿಕೊಳ್ಳಬೇಕೆಂದು ಮನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.